ರಜೆಯಲ್ಲಿ ನೆನೆದ ತುಣುಕು

ತೊಗಾಶಿ ಡಾಕ್ಟರ ಬಾಯಿಗೆ ಹೆದರದವರು ಆ ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ. ಬಂದರಿನ ನಮ್ಮ ಊರಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹತ್ತೊಂಬತ್ತು ವರ್ಷದಿಂದ ಸೂಕ್ಷ್ಮದರ್ಶಕದ ಮುಂದೆ ಕೂತ ಹೆಂಗಸು ಈಕೆ. ಮೇಲಿನ ಮಹಡಿಯವರು ಕತ್ತರಿಸಿ ಕಳಿಸಿದ ಗಡ್ಡೆಗೆ ಹೆಸರು ಹೇಳಬೇಕು, ಅದು ಎಷ್ಟು ಕೆಟ್ಟದ್ದು ಅಂತ ಬರೆಯಬೇಕು, ಅಷ್ಟೇ ಕೆಲಸ. ರೋಗಿಯ ಮುಖ ನೋಡಬೇಕಾಗಿಲ್ಲ, ಅವರ ಮನೆಯವರ ಅಳು ಕೇಳಬೇಕಾಗಿಲ್ಲ. ಅದೇ ತನ್ನ ಪುಣ್ಯ ಅಂತ ಅವಳು ಎಷ್ಟೋ ಸಲ ಹೇಳಿಕೊಂಡಿದ್ದಳು.

ಅವಳ ಬಾಯಿಯ ಪರಾಕ್ರಮವೆಲ್ಲ ಶವಪರೀಕ್ಷೆಯ ಸಭೆಯಲ್ಲಿ. ಸತ್ತ ರೋಗಿಯ ಮನೆಯವರು ಒಪ್ಪಿ ದೇಹ ಪರೀಕ್ಷೆಗೆ ಕೊಟ್ಟರೆ, ಎರಡು ತಿಂಗಳಾದ ಮೇಲೆ ಡಾಕ್ಟರುಗಳೆಲ್ಲ ಸೇರುತ್ತಾರೆ. ಚಿಕಿತ್ಸೆ ಮಾಡಿದವರು ಮೊದಲು ಎದ್ದು ತಾವು ಅಂದುಕೊಂಡಿದ್ದು ಹೀಗೆ, ಮಾಡಿದ್ದು ಹೀಗೆ ಅಂತ ಒಪ್ಪಿಸುತ್ತಾರೆ. ಕೊನೆಗೆ ತೊಗಾಶಿಯಂಥ ರೋಗಶಾಸ್ತ್ರದವರು ಎದ್ದು, ಒಳಗೆ ನಿಜವಾಗಿ ಇದ್ದದ್ದು ಏನು ಅಂತ ಹೇಳುತ್ತಾರೆ. ಆ ಕೊನೆಯ ಮಾತಿಗೆ ಎದುರಿಲ್ಲ. ಒಂದು ಸಲ ಶಸ್ತ್ರವೈದ್ಯ ಮುರೊಯಿಗೆ, ನಲವತ್ತು ಜನರ ಎದುರು, ಹೊಟ್ಟೆ ಕೊಯ್ಯುವಾಗ ಕಣ್ಣು ಮುಚ್ಚಿಕೊಂಡಿದ್ರಾ ಅಂತ ಕೇಳಿಬಿಟ್ಟಿದ್ದಳು. ಆತ ಕಿವಿಯವರೆಗೆ ಕೆಂಪಾಗಿ ತಲೆ ಬಗ್ಗಿಸಿ ಕೂತಿದ್ದ. ತೊಗಾಶಿ ಅವತ್ತು ಮಧ್ಯಾಹ್ನ ಗಡದ್ದಾಗಿ ಉಂಡಿದ್ದಳು.

ಆ ವರ್ಷ ಮೇ ತಿಂಗಳಲ್ಲಿ ಅವಳ ಶವಪರೀಕ್ಷೆಯ ಕಲ್ಲಿನ ಮೇಜಿಗೆ ಬಂದವನು ಯೊನೆಕುರಾ ತತ್ಸುಜಿ, ಅರವತ್ತೇಳು ವರ್ಷದ ತತಾಮಿ ಹೊಲಿಯುವವನು. ಊರಿನ ಅರ್ಧ ಮನೆಗಳ ನೆಲಕ್ಕೆ ಹಾಸಿದ ಹುಲ್ಲುಚಾಪೆ ಅವನ ಕೈಯದೇ. ಎರಡೂವರೆ ವರ್ಷದ ಹಿಂದೆ ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್ ಅಂತ ಮುರೊಯಿ ಗಡ್ಡೆ ತೆಗೆದಿದ್ದ. ಒಂದು ವರ್ಷ ಚೆನ್ನಾಗಿದ್ದವನಿಗೆ ಅದೇ ಜಾಗದಲ್ಲಿ ಮತ್ತೆ ಸಣ್ಣ ನೆರಳು ಕಂಡಿತು. ಆಮೇಲೆ ಮದ್ದು, ಮನೆ, ನೋವು, ಕೊನೆಗೆ ಇಲ್ಲಿ.

ಈ ಕ್ಯಾನ್ಸರಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಗಡ್ಡೆ ಬೆಳೆಯದ ಹಾಗೆ ತಡೆಯುವ ಜೀನ್‌ಗಳು ನಮ್ಮ ಮೈಯ ಪ್ರತಿ ಕೋಶದಲ್ಲೂ ಇವೆ, ಕಾವಲುಗಾರರು ಅನ್ನಿ. ಈ ಗ್ರಂಥಿಯ ಕ್ಯಾನ್ಸರಿನಲ್ಲಿ ಒಬ್ಬ ಕಾವಲುಗಾರನ ಮೇಲೆ ಎಲ್ಲರ ಕಣ್ಣು. ಸ್ಮ್ಯಾಡ್-ಫೋರ್ ಅಂತ ಅದರ ಹೆಸರು. ಅದು ಗಡ್ಡೆಯೊಳಗೆ ಉಳಿದಿದ್ದರೆ ರೋಗ ಹುಟ್ಟಿದ ಜಾಗದಲ್ಲೇ ಕಚ್ಚಿಕೊಂಡಿರುವುದು ಹೆಚ್ಚು. ಅದು ನಾಶವಾಗಿದ್ದರೆ ರೋಗ ಪಿತ್ತಜನಕಾಂಗ ಶ್ವಾಸಕೋಶ ಅಂತ ಊರೆಲ್ಲ ತಿರುಗುವುದು ಹೆಚ್ಚು. ಇದು ಭವಿಷ್ಯವಲ್ಲ, ಒಂದು ಅಂದಾಜು. ಆದರೂ ಮುಂದೇನು ಮಾಡೋಣ ಅಂತ ಯೋಚಿಸುವಾಗ ಡಾಕ್ಟರು ಆ ಅಂದಾಜನ್ನೂ ತಕ್ಕಡಿಗೆ ಹಾಕುತ್ತಾರೆ. ಗಡ್ಡೆಯ ತೆಳು ತುಣುಕನ್ನು ಗಾಜಿನ ಮೇಲೆ ಅಂಟಿಸಿ ಬಣ್ಣ ಹಾಕಿದರೆ, ಕಾವಲುಗಾರ ಇದ್ದಲ್ಲಿ ಕಂದು ಹಿಡಿಯುತ್ತದೆ, ಇಲ್ಲದಲ್ಲಿ ಬಿಳಿಚಿಕೊಂಡಿರುತ್ತದೆ. ಯೊನೆಕುರಾನ ವರದಿಯಲ್ಲಿ ತೊಗಾಶಿ ಬರೆದಿದ್ದು ಒಂದೇ ಪದ: ನಾಶ.

ಮೇಜಿನ ಮೇಲೆ ದೇಹ ತೆರೆದಾಗ ಅವಳು ಮೊದಲು ಪಿತ್ತಜನಕಾಂಗಕ್ಕೆ ಕೈ ಹಾಕಿದಳು. ಗಂಟುಗಳು ಸಿಗುತ್ತವೆ ಅಂತ ಬೆರಳಿಗೆ ಗೊತ್ತಿತ್ತು. ಸಿಗಲಿಲ್ಲ. ಪದರ ಪದರವಾಗಿ ಕತ್ತರಿಸಿ ನೋಡಿದಳು, ನಯವಾಗಿತ್ತು. ಶ್ವಾಸಕೋಶ ನೋಡಿದಳು, ಹೊಟ್ಟೆಯ ಪರದೆ ನೋಡಿದಳು, ಬೆನ್ನುಮೂಳೆ ನೋಡಿದಳು. ಎಲ್ಲೂ ಏನೂ ಇಲ್ಲ. ಹಳೆಯ ಜಾಗದಲ್ಲಿ ಮಾತ್ರ ಮುಷ್ಟಿಯಷ್ಟು ಗಟ್ಟಿ ಗಡ್ಡೆ, ರಕ್ತನಾಳವನ್ನು ಅಪ್ಪಿ ಹಿಡಿದು ಕೂತಿತ್ತು. ಆ ಮನುಷ್ಯನನ್ನು ಕೊಂದದ್ದು ಅದೊಂದೇ. ವಿಚಿತ್ರ ಅಂತ ಅವಳು ಬಾಯಲ್ಲಿ ಅಂದಳು. ಆ ಗಡ್ಡೆಯ ತುಣುಕು ತೆಗೆದು ಬಣ್ಣಕ್ಕೆ ಕಳಿಸಿದಳು.

ಹೊಸ ತುಣುಕಿಗೆ ಬಣ್ಣ ಹಾಕಿಕೊಟ್ಟವನು ಕುವಾಬಾರಾ, ಪ್ರಯೋಗಾಲಯದ ಹಿರಿಯ ತಂತ್ರಜ್ಞ, ನಿವೃತ್ತಿಗೆ ಒಂದೇ ವರ್ಷ ಇದ್ದವನು. ಗಾಜನ್ನು ಮೇಜಿನ ಮೇಲಿಟ್ಟು ಅಲ್ಲೇ ನಿಂತ. ತೊಗಾಶಿ ಕಣ್ಣಿಟ್ಟಳು. ಗಡ್ಡೆಯ ಒಂದೊಂದು ಕೋಶವೂ ಕಂದು. ಕಾವಲುಗಾರ ಎಲ್ಲಿಗೂ ಹೋಗಿರಲಿಲ್ಲ, ಮನುಷ್ಯ ಸಾಯುವವರೆಗೂ ಅಲ್ಲೇ ಇದ್ದ.

ಅವಳು ಕೇಳುವ ಮೊದಲೇ ಕುವಾಬಾರಾ ಎರಡೂವರೆ ವರ್ಷದ ಹಿಂದಿನ ಗಾಜು ತಂದಿಟ್ಟ. ಅದನ್ನು ನೋಡಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಗಡ್ಡೆ ಬಿಳಿ, ನಿಜ. ಆದರೆ ಗಡ್ಡೆಯ ಸುತ್ತ ಇದ್ದ ಒಳ್ಳೆಯ ಕೋಶಗಳೂ ಬಿಳಿ. ರಕ್ತನಾಳದ ಗೋಡೆ ಬಿಳಿ, ಬಿಳಿ ರಕ್ತಕಣಗಳೂ ಬಿಳಿ. ಒಳ್ಳೆಯ ಕೋಶದಲ್ಲಿ ಕಾವಲುಗಾರ ಇದ್ದೇ ಇರಬೇಕು. ಅದಕ್ಕೂ ಬಣ್ಣ ಹಿಡಿದಿಲ್ಲ ಅಂದರೆ ಗಾಜೇ ಕೆಟ್ಟಿದೆ ಅಂತ ಅರ್ಥ, ಕಾವಲುಗಾರ ಇಲ್ಲ ಅಂತಲ್ಲ. ಕಲಿಯಲು ಬಂದವರಿಗೆಲ್ಲ ಮೊದಲ ದಿನವೇ ಅವಳು ಹೇಳಿಕೊಡುವ ಪಾಠ ಇದು. ಅಕ್ಕಪಕ್ಕ ನೋಡದೆ ಗಡ್ಡೆ ನೋಡುವವನು ಕುರುಡ ಅಂತ ಬೈದು ಹೇಳಿಕೊಡುತ್ತಿದ್ದಳು.

ಯಾಕೆ ಕೆಟ್ಟಿತು ಅಂತಲೂ ತಾರೀಖು ನೋಡಿದ ಕೂಡಲೇ ತಿಳಿಯಿತು. ಶಸ್ತ್ರಚಿಕಿತ್ಸೆ ಆದದ್ದು ಡಿಸೆಂಬರ್ ಇಪ್ಪತ್ತೇಳಕ್ಕೆ. ಮಾರನೆಯ ದಿನ ವರ್ಷಾಂತ್ಯದ ಗುಡಿಸುವ ಕೆಲಸ, ಆಮೇಲೆ ಹೊಸವರ್ಷದ ರಜೆ, ಜೊತೆಗೆ ವಾರಾಂತ್ಯ. ಕೊಳೆಯದಿರಲಿ ಅಂತ ಫಾರ್ಮಲಿನ್ ದ್ರಾವಣದಲ್ಲಿ ಒಂದೆರಡು ದಿನ ಇಡಬೇಕಾದ ಗಡ್ಡೆ ಹತ್ತು ದಿನ ಅದರಲ್ಲೇ ನೆನೆಯಿತು. ಅಷ್ಟು ನೆನೆದದ್ದಕ್ಕೆ ಈ ಬಣ್ಣ ಸರಿಯಾಗಿ ಹತ್ತುವುದಿಲ್ಲ. ನಮ್ಮ ಇಡೀ ದೇಶ ಮನೆಯಲ್ಲಿ ಕೂತು ಮೋಚಿ ಅನ್ನುವ ಅಕ್ಕಿಯ ಕಡುಬು ತಿನ್ನುವ ದಿನಗಳು ಅವು, ಯಾರೂ ಯಾರನ್ನೂ ಬೈಯಲಾರರು. ರಜೆಯದ್ದು ತಪ್ಪಲ್ಲ. ಗಾಜು ಕೆಟ್ಟದ್ದೂ ತಪ್ಪಲ್ಲ.

ತಪ್ಪು ಆಗಿದ್ದು ಜನವರಿಯಲ್ಲಿ, ಕೆಲಸ ಶುರುವಾದ ಮೂರನೇ ದಿನ. ಅದು ಅವಳಿಗೆ ಚೆನ್ನಾಗಿ ನೆನಪಿತ್ತು. ಮರೆತಿದ್ದರೆ ಎಷ್ಟೋ ವಾಸಿಯಿತ್ತು. ಇದೇ ಗಾಜು ತಂದಿಟ್ಟ ಕುವಾಬಾರಾ, ಬಣ್ಣ ಪೂರ್ತಿ ತೆಳು ಅನ್ನಿಸ್ತಿದೆ, ಇನ್ನೊಂದು ಸಲ ಮಾಡ್ಲಾ ಅಂತ ಕೇಳಿದ್ದ. ಅವಳ ಕಣ್ಣಿಗೂ ಅಕ್ಕಪಕ್ಕದ ಬಿಳಿ ಬಿದ್ದಿತ್ತು. ಆದರೂ ಬೇಡ ಅಂದಳು. ಈ ಗಡ್ಡೆಯ ಮುಖ ನೋಡಿದರೇ ಗೊತ್ತಾಗುತ್ತೆ ಬಿಡಿ ಅಂದಳು.

ಯಾಕೆ ಬೇಡ ಅಂದಳು ಅನ್ನುವುದು ಕುವಾಬಾರಾನಿಗೂ ಗೊತ್ತಿಲ್ಲದ ಸಂಗತಿ. ತೊಗಾಶಿ ತನ್ನೊಳಗೇ ಒಂದು ಆಟ ಇಟ್ಟುಕೊಂಡಿದ್ದಳು. ವಿಶೇಷ ಬಣ್ಣದ ಗಾಜು ಬರುವ ಮೊದಲೇ, ಸಾಧಾರಣ ಗಾಜನ್ನು ನೋಡಿ, ಕಾವಲುಗಾರ ಇದ್ದಾನೋ ಇಲ್ಲವೋ ಅಂತ ಊಹಿಸುವುದು. ಗಾಜು ಬಂದ ಮೇಲೆ ತಾಳೆ ನೋಡುವುದು. ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲ್ಲಿನ ಗೀಟು. ಆ ಡಿಸೆಂಬರಿನ ಹೊತ್ತಿಗೆ ಸತತ ಇಪ್ಪತ್ತು ಸರಿಯಾಗಿತ್ತು. ವರ್ಷಾಂತ್ಯದ ಪಾರ್ಟಿಯಲ್ಲಿ ಸಾಕೆ ಮದ್ಯ ಹೊಟ್ಟೆಗೆ ಬಿದ್ದ ಮೇಲೆ, ನಿಮ್ಮ ಬಣ್ಣ ಗಿಣ್ಣ ನನಗೆ ಬೇಕಾಗಿಲ್ಲ ಅಂತ ಜಂಬ ಕೊಚ್ಚಿಕೊಂಡೂ ಇದ್ದಳು. ಯೊನೆಕುರಾನ ಗಡ್ಡೆಗೆ ಅವಳ ಊಹೆ ನಾಶ ಅಂತ ಇತ್ತು. ಬಂದ ಗಾಜೂ ಹೌದು ಅಂದಿತ್ತು. ಮತ್ತೆ ಬಣ್ಣ ಹಾಕಿಸಿದರೆ ಅಲ್ಲ ಅಂದರೂ ಅನ್ನಬಹುದಿತ್ತು. ಹಾಗಾಗಿ ಬೇಡ ಅಂದಳು. ಐವತ್ತೆರಡು ವರ್ಷದ ಹೆಂಗಸು, ಮಕ್ಕಳಾಟಕ್ಕೆ.

ಅವಳು ಕುರ್ಚಿಯಲ್ಲೇ ಕೂತಿದ್ದಳು. ನಾಚಿಕೆ ಅಂದರೆ ಮುಖ ಬಿಸಿಯಾಗುವುದು ಅಂತ ಅಲ್ಲಿಯವರೆಗೆ ತಿಳಿದಿದ್ದಳು. ಇದು ಅದಲ್ಲ. ಮೈಯೆಲ್ಲ ತಣ್ಣಗಾಗಿ ಎದ್ದು ನಿಲ್ಲಲು ಆಗದಂಥದ್ದು.

"ಸಭೆಯಲ್ಲಿ ಬಣ್ಣದ ತಪ್ಪು ಅಂತ ಹೇಳಿಬಿಡಿ ಡಾಕ್ಟ್ರೇ," ಅಂದ ಕುವಾಬಾರಾ, ನೆಲ ನೋಡುತ್ತ. "ಬಣ್ಣ ಹಾಕೋನು ನಾನೇ ತಾನೆ. ಮುಂದಿನ ವರ್ಷ ಮನೆಗೆ ಹೋಗೋನು. ನನಗೇನಾಗಬೇಕು?"

ಥೂ ಬೇಡ ಅಂತ ಅವಳು ಆ ಗಳಿಗೆಯಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ನೋಡೋಣ ಅಂದಳು. ಅದಕ್ಕಿಂತ ಕೆಟ್ಟದ್ದು, ಅವತ್ತು ಸಂಜೆ ಸಭೆಗೆ ಓದಲು ಬರೆದ ಕಾಗದದಲ್ಲಿ, ವರ್ಷಾಂತ್ಯದ ರಜೆಯಿಂದಾಗಿ ಬಣ್ಣ ಹಿಡಿದಿರಲಿಲ್ಲ ಅಂತ ನೀಟಾಗಿ ಒಂದು ಸಾಲು ಹಾಕಿದಳು. ಓದಿ ನೋಡಿದಳು. ಯಾರದ್ದೂ ತಪ್ಪಿಲ್ಲದ ಸೊಗಸಾದ ಸಾಲು. ಆ ಸಾಲನ್ನು ಇಟ್ಟುಕೊಂಡೇ ಒಂದೂವರೆ ತಿಂಗಳು ಓಡಾಡಿದಳು. ಕುವಾಬಾರಾ ದಿನಾ ಬೆಳಗ್ಗೆ ಎಂದಿನಂತೆ ತಲೆ ಬಗ್ಗಿಸಿ ನಮಸ್ಕಾರ ಹೇಳುತ್ತಿದ್ದ, ಅವಳು ಅವನ ಮುಖ ತಪ್ಪಿಸಿ ಹೂಂ ಅನ್ನುತ್ತಿದ್ದಳು.

ಆ ದಿನಗಳಲ್ಲಿ ಒಂದು ಒಳ್ಳೆಯ ಕೆಲಸ ಮಾತ್ರ ಮಾಡಿದಳು. ಎಂಟು ವರ್ಷದ ಪಟ್ಟಿ ತೆಗೆದು, ಹೊಸವರ್ಷದ ರಜೆ, ಮೇ ತಿಂಗಳ ರಜೆ, ಆಗಸ್ಟಿನ ರಜೆಗಳ ಹಿಂದೆ ಮುಂದೆ ಬಂದ ಗಡ್ಡೆಗಳ ಗಾಜನ್ನೆಲ್ಲ ಮತ್ತೆ ನೋಡಿದಳು. ಹನ್ನೊಂದು ಸಿಕ್ಕವು. ಹತ್ತರಲ್ಲಿ ಬಣ್ಣ ಸರಿಯಿತ್ತು, ಇಲ್ಲವೇ ಅವಳೇ ಮತ್ತೆ ಹಾಕಿಸಿದ್ದಳು. ಅಂದರೆ ಅವಳಿಗೆ ನಿಯಮ ಗೊತ್ತಿತ್ತು, ಪಾಲಿಸಿಯೂ ಇದ್ದಳು. ತಪ್ಪಿದ್ದು ಇದೊಂದೇ. ಅದರಿಂದ ಸಮಾಧಾನ ಆಗಬೇಕಿತ್ತು. ಆಗಲಿಲ್ಲ, ಇನ್ನೂ ಕುಗ್ಗಿಹೋದಳು.

ಜುಲೈನಲ್ಲಿ ಸಭೆ ಸೇರಿತು. ಮುರೊಯಿ ಎದ್ದು ಯೊನೆಕುರಾನ ಕಥೆ ಹೇಳಿದ. ಅದೇ ಜಾಗದಲ್ಲಿ ನೆರಳು ಮರಳಿದಾಗ, ರಾಜಧಾನಿಯ ಆಸ್ಪತ್ರೆಗೆ ಕಳಿಸಿ ಐದು ವಾರ ವಿಕಿರಣ ಕೊಡಿಸುವ ಯೋಚನೆ ಇತ್ತು. ಆದರೆ ಕಾವಲುಗಾರ ನಾಶ ಅಂತ ವರದಿ ಇದ್ದುದರಿಂದ, ಇಲ್ಲಿ ಸುಟ್ಟರೆ ಅಲ್ಲಿ ಏಳುತ್ತದೆ, ಉಳಿದ ದಿನ ಮನೆಯಿಂದ ದೂರ ಕಳೆಯುವುದು ಯಾಕೆ ಅಂತ ರೋಗಿಗೂ ಹೆಂಡತಿಗೂ ಹೇಳಿದೆ, ಅವರೂ ಬೇಡ ಅಂದರು ಅಂತ ಒಪ್ಪಿಸಿದ. ಆಮೇಲೆ ತೊಗಾಶಿಯ ಸರದಿ.

ಅವಳು ಎರಡೂ ಗಾಜುಗಳ ಚಿತ್ರ ಪರದೆಯ ಮೇಲೆ ಹಾಕಿದಳು. ಕೋಣೆಯಲ್ಲಿ ಉಸಿರು ಎಳೆದುಕೊಂಡದ್ದು ಕೇಳಿಸಿತು. ಮುರೊಯಿಗೆ ಅದು ಅರ್ಥವಾಗಲು ಒಂದು ಕ್ಷಣ ಸಾಕಾಯಿತು. ಹಳೆಯ ಬಾಕಿ ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ದಿನ ಅವನಿಗೆ ಸಿಗುತ್ತಿರಲಿಲ್ಲ. ಆದರೆ ಅವನು ಮೆಲ್ಲಗೆ, ರಜೆಯ ಮುಂಚಿನ ಗಡ್ಡೆ ತಾನೆ, ಇಂಥದ್ದು ಎಲ್ಲ ಕಡೆ ಆಗುತ್ತೆ, ಬಣ್ಣದ ದೋಷಕ್ಕೆ ಯಾರೇನು ಮಾಡೋಕಾಗುತ್ತೆ ಅಂದ. ದಾರಿ ಮಾಡಿಕೊಟ್ಟ. ಹಿಂದಿನ ಸಾಲಿನಲ್ಲಿ ಕುವಾಬಾರಾ, ತಪ್ಪು ತನ್ನದು ಅನ್ನಲು, ಕುರ್ಚಿಯಿಂದ ಅರ್ಧ ಎದ್ದಿದ್ದ.

ತೊಗಾಶಿ ಕಾಗದ ಮಡಚಿದಳು.

"ದೋಷ ಬಣ್ಣದ್ದಲ್ಲ," ಅಂದಳು. "ಅಕ್ಕಪಕ್ಕವೂ ಬೆಳ್ಳಗಿರೋದು ನನಗೆ ಕಂಡಿತ್ತು. ಕುವಾಬಾರಾ ಅವರು ಮತ್ತೆ ಮಾಡ್ತೀನಿ ಅಂದ್ರು. ಬೇಡ ಅಂದೋಳು ನಾನು."

ಯಾರಾದರೂ ಕಣ್ಣು ಮುಚ್ಚಿಕೊಂಡಿದ್ರಾ ಅಂತ ಕೇಳಲಿ ಅಂತ ಅವಳು ಕಾದಳು. ಕೇಳಿದ್ದರೆ ಅರ್ಧ ಭಾರ ಇಳಿಯುತ್ತಿತ್ತು. ಒಬ್ಬರೂ ಕೇಳಲಿಲ್ಲ. ಎಲ್ಲರೂ ತಮ್ಮ ಮೊಣಕಾಲು ನೋಡುತ್ತ ಕೂತರು, ಸಾವಿನ ಮನೆಯಲ್ಲಿ ಕೂತ ಹಾಗೆ. ಯಾಕೆ ಬೇಡ ಅಂದ್ರಿ ಅಂತಲೂ ಯಾರೂ ಕೇಳಲಿಲ್ಲ. ಅವಸರದಲ್ಲಿದ್ದೆ ಅಂತ ಅವರೇ ತಿಳಿದುಕೊಂಡರು. ಅವಳು ತಿದ್ದಲಿಲ್ಲ, ಆಟದ ಮಾತನ್ನು ನುಂಗಿಕೊಂಡಳು.

ಮನೆಯವರಿಗೆ ತಿಳಿಸುವುದು ಚಿಕಿತ್ಸೆ ಮಾಡಿದವರ ಕೆಲಸ, ಅದೇ ವಾಡಿಕೆ. ನೆಲಮಾಳಿಗೆಯವರು ಬಾಗಿಲು ತಟ್ಟಿಕೊಂಡು ಹೋಗುವುದಿಲ್ಲ. ಮುರೊಯಿ ತಾನೇ ಹೇಳುತ್ತೇನೆ ಅಂದ, ಆಸ್ಪತ್ರೆಯ ಆಡಳಿತದವರು ಮಾತನ್ನು ಹೇಗೆ ಜೋಡಿಸಬೇಕು ಅಂತ ಬರೆದೂ ಕೊಟ್ಟರು. ಮುರೊಯಿ ಹೋಗಿಬಂದ. ಯೊನೆಕುರಾನ ಹೆಂಡತಿ ಶಾಂತವಾಗಿ ಕೇಳಿಸಿಕೊಂಡಳು, ಎರಡು ಸಲ ಥ್ಯಾಂಕ್ಸ್ ಹೇಳಿದಳು ಅಂದ. ಆ ಥ್ಯಾಂಕ್ಸ್ ತೊಗಾಶಿಗೆ ಮೀನಿನ ಮುಳ್ಳಿನ ಹಾಗೆ ಗಂಟಲಿಗೆ ಚುಚ್ಚಿತು. ಮೂರು ದಿನ ಬಿಟ್ಟು ತಾನೇ ಫೋನ್ ಮಾಡಿ, ಬರಬಹುದೇ ಅಂತ ಕೇಳಿದಳು. ಹೆಂಗಸು, ಬಿಸಿಲಲ್ಲಿ ಯಾಕೆ ತೊಂದರೆ ತಗೋತೀರಿ ಅಂದಳು, ಆಮೇಲೆ ಬನ್ನಿ ಅಂದಳು.

ಯೊನೆಕುರಾ ಕಿನುಕೊ ಗಂಡನ ಅಂಗಡಿಯ ಹಿಂದಿನ ಕೋಣೆಯಲ್ಲಿ ವಾಸವಿದ್ದಳು. ಅಂಗಡಿಯ ಗಾಜಿನ ಬಾಗಿಲಿಗೆ ಪರದೆ ಎಳೆದಿತ್ತು, ಒಳಗೆ ಇನ್ನೂ ಹಸಿ ಹುಲ್ಲಿನ ವಾಸನೆ ಇತ್ತು. ಚಿಕ್ಕ ಹೆಂಗಸು, ನೆಟ್ಟಗೆ ಕೂತಿದ್ದಳು. ತಣ್ಣನೆಯ ಬಾರ್ಲಿ ಚಹಾ, ಬೇಯಿಸಿದ ಅವರೆಯಂಥ ಹಸಿರು ಕಾಳು ಮುಂದಿಟ್ಟು, ಎಲ್ಲ ಮುರೊಯಿ ಡಾಕ್ಟ್ರು ವಿವರವಾಗಿ ಹೇಳಿದ್ರಲ್ಲ ಅಂದಳು.

ತೊಗಾಶಿ ತತಾಮಿಯ ಮೇಲೆ ಎರಡೂ ಕೈ ಊರಿ ಹಣೆ ತಾಗುವಷ್ಟು ಬಾಗಿದಳು. ವರದಿ ಬರೆದದ್ದು ನಾನು ಅಂದಳು. ಮತ್ತೆ ಪರೀಕ್ಷೆ ಮಾಡಬಹುದಿತ್ತು, ಮಾಡಲಿಲ್ಲ, ಮಾಡಿದ್ದರೆ ನಿಮ್ಮ ಯಜಮಾನರು ವಿಕಿರಣಕ್ಕೆ ಹೋಗಬಹುದಿತ್ತು ಅಂದಳು. ಹೋಗಿದ್ದರೆ ಬದುಕುತ್ತಿದ್ದರೇ ಅಂತ ಕಿನುಕೊ ಕೇಳಿದಳು. ತೊಗಾಶಿ ಸುಳ್ಳು ಹೇಳಲಿಲ್ಲ. ಈ ರೋಗದಲ್ಲಿ ಯಾರೂ ಹಾಗೆ ಹೇಳಲಾರರು, ಕೆಲವು ತಿಂಗಳು ಹೆಚ್ಚು ಸಿಗಬಹುದಿತ್ತು, ಸಿಗದೆಯೂ ಇರಬಹುದಿತ್ತು ಅಂದಳು. ಕಿನುಕೊ ತಲೆಯಾಡಿಸಿದಳು.

"ನಮ್ಮನೆಯವರು ಹೇಳ್ತಾನೇ ಇದ್ರು," ಅಂದಳು ಆಮೇಲೆ. "ಬೇರೆಲ್ಲೂ ಏನೂ ಇಲ್ಲ ಕಣೇ, ಇಲ್ಲೊಂದೇ ಕಡೆ ನೋಯ್ತದೆ, ಇನ್ನೊಂದ್ಸಲ ಕೇಳಿ ನೋಡೇ ಅಂತ. ನಾನೇ ಬೈದೆ. ಅಷ್ಟು ಓದಿದೋರು ನೋಡಿ ಬರ್ದಿರೋದನ್ನ ಚಾಪೆ ಹೊಲ್ಯೋರು ನಾವು ತಿರುಗಿ ಕೇಳೋದಾ, ನಾಚಿಕೆ ಆಗಲ್ವಾ ಅಂದೆ."

ತೊಗಾಶಿಗೆ ತಲೆ ಎತ್ತಲಾಗಲಿಲ್ಲ. ನಾಚಿಕೆ ಪಡಬೇಕಾದವಳು ನೆಲಮಾಳಿಗೆಯಲ್ಲಿ ಮೆರೆಯುತ್ತಿದ್ದಾಗ, ಈ ಹೆಂಗಸು ಅವಳ ಪಾಲಿನ ನಾಚಿಕೆಯನ್ನು ತಾನು ಪಟ್ಟು ಸಾಯುವ ಗಂಡನ ಬಾಯಿ ಮುಚ್ಚಿಸಿದ್ದಳು.

"ಅವರಿಗೇ ಹೇಳಿ," ಅಂದಳು ಕಿನುಕೊ, ಗೋಡೆಯ ಪಕ್ಕದ, ಸತ್ತವರಿಗೆ ಕೈಮುಗಿಯುವ ದೇವರಗೂಡಿನ ಕಡೆ ತಿರುಗಿ. "ಅವರು ಹೇಳಿದ್ದೇ ಸರಿ ಅಂತ. ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತಾಳೆ ಅಂದ್ಕೋತಾರೆ."

ಗೂಡಿನಲ್ಲಿ ಚೌಕಟ್ಟಿನ ಫೋಟೋ ಇತ್ತು. ದಪ್ಪ ಹುಬ್ಬು, ಹೊಲಿದು ಹೊಲಿದು ಒಂದು ಕಡೆ ವಾಲಿದ ಭುಜ. ಒಳಗಿನ ಎಲುಬು ಕರುಳನ್ನೆಲ್ಲ ತೊಳೆದು ತೂಗಿ ನೋಡಿದ್ದ ತೊಗಾಶಿ ಆ ಮನುಷ್ಯನ ತೆರೆದ ಕಣ್ಣು ನೋಡಿದ್ದು ಅದೇ ಮೊದಲು. ಊದುಬತ್ತಿ ಹಚ್ಚಿದಳು.

"ಯೊನೆಕುರಾ ಅವರೇ, ನೀವು ಹೇಳಿದ್ದೇ ಸರಿ. ಇದ್ದದ್ದು ಅಲ್ಲೊಂದೇ ಕಡೆ," ಅಂದಳು. ಅಲ್ಲಿಗೆ ಮುಗಿಸಬಹುದಿತ್ತು. ಹಿಂದೆ ಕೂತ ಹೆಂಗಸು ಕೇಳಿದ್ದು ಅಷ್ಟೇ. ಆದರೆ ಸಭೆಯಲ್ಲಿ ನುಂಗಿದ್ದನ್ನು ಇಲ್ಲೂ ನುಂಗಿದರೆ ಇನ್ನು ಎಲ್ಲೂ ಉಗುಳಲಾರೆ ಅಂತ ಅವಳಿಗೆ ಗೊತ್ತಿತ್ತು. "ನಾನು ಅವಸರದಲ್ಲಿರಲಿಲ್ಲ. ಬಣ್ಣ ಹಾಕೋಕೆ ಮುಂಚೆ ಊಹೆ ಮಾಡೋದು ನನಗೊಂದು ಆಟ. ಸಾಲಾಗಿ ಸರಿಯಾಗ್ತಾ ಬಂದಿತ್ತು. ಮತ್ತೆ ನೋಡಿದ್ರೆ ಆ ಸಾಲು ಮುರಿಯುತ್ತೆ ಅಂತ ನೋಡ್ಲಿಲ್ಲ."

ಬೀದಿಯಲ್ಲಿ ಒಂದು ಲಾರಿ ಹೋಯಿತು.

"ನಮ್ಮನೆಯವರದ್ದು ಎಷ್ಟನೇದು?" ಕಿನುಕೊಳ ದನಿ ಏರಲಿಲ್ಲ.

"ಇಪ್ಪತ್ತೊಂದನೇದು."

ಕಿನುಕೊ ಎದ್ದು, ಅವಳ ಲೋಟಕ್ಕೆ ಮತ್ತೆ ಚಹಾ ತುಂಬಿದಳು. ಅತಿಥಿಯ ಲೋಟ ಖಾಲಿ ಇಡಬಾರದು ಅಂತ ಕೈಗೆ ಅಭ್ಯಾಸ. ತೊಗಾಶಿ ಅದನ್ನು ಕುಡಿದಳು, ಕುಡಿಯದೆ ಇರುವುದೂ ತಪ್ಪಾಗುತ್ತಿತ್ತು. ಆಮೇಲೆ ಹೊರಡುತ್ತೇನೆ ಅಂದಳು. ಕಿನುಕೊ ಬಾಗಿಲವರೆಗೆ ಬಂದು, ಅವಳ ಚಪ್ಪಲಿಯನ್ನು ಮೆಟ್ಟಲು ಅನುಕೂಲವಾಗುವಂತೆ ಹೊರಮುಖ ತಿರುಗಿಸಿ ಜೋಡಿಸಿಟ್ಟಳು. ಇಬ್ಬರೂ ಬಾಗಿದರು. ಆಗಸ್ಟಿನಲ್ಲಿ ಸತ್ತವರು ಮನೆಗೆ ಬರುವ ಬೊನ್ ಹಬ್ಬ, ಯೊನೆಕುರಾನಿಗೆ ಅದು ಮೊದಲನೆಯದು. ಆಗ ಬಂದು ಇನ್ನೊಮ್ಮೆ ಊದುಬತ್ತಿ ಹಚ್ಚಲು ಅಪ್ಪಣೆ ಕೊಡಿ ಅಂತ ತೊಗಾಶಿ ಕೇಳಿದಳು.

"ದಯವಿಟ್ಟು ಬರಬೇಡಿ ಡಾಕ್ಟ್ರೇ," ಅಂದಳು ಕಿನುಕೊ, ಬಾಗಿದ ತಲೆ ಎತ್ತದೆ. "ಬಂದ್ರೆ ನಿಮಗೆ ನಾನು ಚಹಾ ಕೊಡ್ಲೇಬೇಕಾಗುತ್ತೆ. ಇವತ್ತು ಹೇಗೋ ಕೊಟ್ಟೆ. ಇನ್ನೊಂದ್ಸಲ ನನ್ನ ಕೈಲಾಗಲ್ಲ."